ಬೆಕ್ಕಿನ ಸಕ್ಕರೆಯನ್ನು ಅಳೆಯುವವರು ಯಾರು?

ಮೈಸೂರಿನಲ್ಲಿರುವ ನಮ್ಮಕ್ಕನ ಮನೆಯ ಬೆಕ್ಕು ಗುಂಡನಿಗೆ ಹನ್ನೊಂದು ವರ್ಷ. ಹೆಸರಿಗೆ ತಕ್ಕ ಮೈ, ಆರೂವರೆ ಕೆ.ಜಿ. ತೂಗುತ್ತಿದ್ದ. ಒಂದು ದಿನ ಅಕ್ಕ ಫೋನಿನಲ್ಲಿ, "ನಮ್ ಗುಂಡ ನೀರು ಕುಡಿಯೋದು ನೋಡಿದ್ರೆ ಎಮ್ಮೆ ನೆನಪಾಗುತ್ತೆ ಕಣೋ" ಅಂದಳು. ಅದಾಗಿ ಎರಡು ವಾರದೊಳಗೆ ಅವನ ಮರಳಿನ ತಟ್ಟೆಯನ್ನು ದಿನಕ್ಕೆ ಮೂರು ಸಲ ಬದಲಾಯಿಸಬೇಕಾಯಿತು. ಹೊಟ್ಟೆ ತುಂಬ ತಿಂದರೂ ಬೆನ್ನುಮೂಳೆ ಕೈಗೆ ಸಿಗತೊಡಗಿತು. ಕಾಂಪೌಂಡ್ ಗೋಡೆಯನ್ನು ಒಂದೇ ನೆಗೆತಕ್ಕೆ ಏರುತ್ತಿದ್ದವನು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿಕೊಂಡು ಮೊಲದ ಹಾಗೆ ನಡೆಯತೊಡಗಿದ. ಪಶುವೈದ್ಯರು ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ನೋಡಿದರು. 100 ಮಿ.ಲೀ.ಗೆ 438 ಮಿ.ಗ್ರಾಂ ಸಕ್ಕರೆ. ಮೂತ್ರದಲ್ಲೂ ಸಕ್ಕರೆ. ಇನ್ಸುಲಿನ್ ಶುರು ಮಾಡೋಣ ಎಂದರು.

ಅಲ್ಲಿಂದ ಅಕ್ಕನ ಪ್ರಶ್ನೆಗಳೆಲ್ಲ ನನ್ನ ಮೇಲೆ ಬಿದ್ದವು. ಯಾವ ಇನ್ಸುಲಿನ್? ಎಷ್ಟು? ಹಾಲು-ಅನ್ನ ಹಾಕಬಹುದಾ? ದಿನಕ್ಕೆಷ್ಟು ಸಲ ಚುಚ್ಚಿ ನೋಡಬೇಕು? ಇದು ಸಾಯೋತನಕವಾ? ಐದು ಪಶುವೈದ್ಯರನ್ನು ಕೇಳಿದರೆ ಐದು ಬಗೆಯ ಉತ್ತರ ಸಿಕ್ಕೀತು. ಅದು ಅವರ ಅಜ್ಞಾನವಲ್ಲ. ಈ ಪ್ರಶ್ನೆಗಳ ಮೇಲೆ ಮೂವತ್ತು ನಲವತ್ತು ವರ್ಷಗಳಿಂದ ನಿಜವಾಗಿಯೂ ಜಗಳ ನಡೆದಿದೆ. ಓದುತ್ತ ಹೋದಂತೆ ನನಗೆ ಒಂದು ಸಂಗತಿ ಎದ್ದು ಕಂಡಿತು. ಹೊಸ ಔಷಧಿ ಬಂದಾಗ ಈ ಜಗಳ ತಿರುವು ಪಡೆದದ್ದು ಕಡಿಮೆ. ಸಕ್ಕರೆಯನ್ನು ಯಾರು, ಎಲ್ಲಿ ಕೂತು ಅಳೆಯುತ್ತಾರೆ ಎಂಬುದು ಬದಲಾದಾಗಲೆಲ್ಲ ಉತ್ತರವೂ ಬದಲಾಗಿದೆ.

ನಾಯಿ ಕಲಿಸಿದ್ದು, ಬೆಕ್ಕು ಕಲಿಸಿದ್ದು

ಸಕ್ಕರೆ ಕಾಯಿಲೆಯ ವಿಜ್ಞಾನಕ್ಕೆ ನಾಯಿಯ ಋಣ ದೊಡ್ಡದು. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಆಸ್ಕರ್ ಮಿಂಕೊವ್‌ಸ್ಕಿ ಮತ್ತು ಯೋಸೆಫ್ ಫಾನ್ ಮೇರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹ ಹಿಡಿಯಿತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನಿನ ಗುಣ ಕಂಡುಕೊಂಡದ್ದೂ ನಾಯಿಗಳಲ್ಲೇ. ಮರುವರ್ಷದ ಜನವರಿಯಲ್ಲಿ ಹದಿನಾಲ್ಕರ ಹುಡುಗ ಲೆನರ್ಡ್ ಥಾಮ್ಸನ್‌ಗೆ ಮೊದಲ ಚುಚ್ಚುಮದ್ದು ಬಿತ್ತು. ಇದರ ಒಂದು ಅಡ್ಡಪರಿಣಾಮವೆಂದರೆ, ಪಶುವೈದ್ಯಕೀಯ ಬಹಳ ಕಾಲ ಬೆಕ್ಕನ್ನು ಸಣ್ಣ ಸೈಜಿನ ನಾಯಿ ಎಂದೇ ನೋಡಿತು.

ಆದರೆ ಎರಡರ ಕಾಯಿಲೆ ಬೇರೆ ಬೇರೆ. ನಾಯಿಗೆ ಮಧುಮೇಹ ಬಂತೆಂದರೆ ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳು ಸಾಮಾನ್ಯವಾಗಿ ಹೋದಂತೆಯೇ ಲೆಕ್ಕ, ಅದಕ್ಕೆ ಬದುಕಿರುವಷ್ಟು ದಿನವೂ ಸೂಜಿ. ಬೆಕ್ಕಿನದು ನಮ್ಮ ನಿಮ್ಮ ಮನೆಗಳಲ್ಲಿ ನಡುವಯಸ್ಸು ದಾಟಿದವರಿಗೆ ಬರುವ ಎರಡನೇ ಬಗೆಯ ಮಧುಮೇಹಕ್ಕೆ ಹತ್ತಿರ. ಮೈ ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ಕೋಶಗಳು ದುಡಿದೂ ದುಡಿದೂ ಸೋಲುತ್ತವೆ. ಆದರೆ ಎಲ್ಲವೂ ಸತ್ತಿರುವುದಿಲ್ಲ. ಬೊಜ್ಜಿನ ಬೆಕ್ಕುಗಳಿಗೆ ಅಪಾಯ ಸುಮಾರು ನಾಲ್ಕು ಪಟ್ಟು. ಗಂಡು, ಸಂತಾನಹರಣ ಶಸ್ತ್ರಚಿಕಿತ್ಸೆಯಾದದ್ದು, ವಯಸ್ಸಾದದ್ದು, ಮನೆಯೊಳಗೇ ಇರುವುದು, ಸ್ಟೆರಾಯ್ಡ್ ಪಡೆದದ್ದು ಎಂದು ಪಟ್ಟಿ ಬೆಳೆಯುತ್ತದೆ. ಗುಂಡನಿಗೆ ಸ್ಟೆರಾಯ್ಡೂ ಮನೆವಾಸವೂ ಬಿಟ್ಟು ಮಿಕ್ಕ ಎಲ್ಲ ಅರ್ಹತೆಯೂ ಇತ್ತು. ತಳಿಯ ಕಥೆಯೂ ವಿಚಿತ್ರ. ಆಸ್ಟ್ರೇಲಿಯ, ನ್ಯೂಜಿಲೆಂಡ್, ಬ್ರಿಟನ್‌ಗಳಲ್ಲಿ ಬರ್ಮೀಸ್ ಬೆಕ್ಕುಗಳಿಗೆ ಇದು ಹೆಚ್ಚು. ಅದೇ ಹೆಸರಿನ ಅಮೆರಿಕದ ಬೆಕ್ಕುಗಳಲ್ಲಿ ಹಾಗೆ ಕಾಣುವುದಿಲ್ಲ.

1987ರಲ್ಲಿ ಸ್ವೀಡನ್ನಿನ ಪೆರ್ ವೆಸ್ಟರ್‌ಮಾರ್ಕ್ ಮತ್ತು ಸಂಗಡಿಗರು ಮನುಷ್ಯನ ಇನ್ಸುಲಿನ್ ಸ್ರವಿಸುವ ಗಡ್ಡೆಯಲ್ಲಿಯೂ ಮಧುಮೇಹಿ ಬೆಕ್ಕಿನ ಮೇದೋಜೀರಕದಲ್ಲಿಯೂ ಕಾಣುವ ಗಟ್ಟಿ ಎಳೆಗಳು ಒಂದೇ ಪ್ರೋಟೀನಿನವು ಎಂದು ತೋರಿಸಿದರು. ಈಗ ಅದನ್ನು ಅಮೈಲಿನ್ ಎನ್ನುತ್ತೇವೆ. ಇನ್ಸುಲಿನ್ ಜೊತೆಗೇ ಸ್ರವಿಸುವ ಈ ಪ್ರೋಟೀನು ಮನುಷ್ಯರಲ್ಲಿ, ಬೆಕ್ಕಿನಲ್ಲಿ, ಕೆಲವು ಕೋತಿಗಳಲ್ಲಿ ಹೆಪ್ಪುಗಟ್ಟುತ್ತದೆ, ಇಲಿಯಲ್ಲಿ ಗಟ್ಟುವುದಿಲ್ಲ. ಪ್ರಯೋಗಾಲಯದ ಇಲಿ ತೋರಿಸದ್ದನ್ನು ಅಡುಗೆಮನೆಯ ಬೆಕ್ಕು ತೋರಿಸಿತು ಎನ್ನಬಹುದು. ಮಧುಮೇಹವಿಲ್ಲದ ಮುದಿ ಬೆಕ್ಕುಗಳಲ್ಲೂ ಈ ಹೆಪ್ಪು ಸಿಗುವುದರಿಂದ ಅದು ಬೆಂಕಿಯೋ, ಬೆಂಕಿ ಆರಿದ ಮೇಲಿನ ಬೂದಿಯೋ ಎಂಬ ವಾದ ಮಾತ್ರ ಇನ್ನೂ ಮುಗಿದಿಲ್ಲ.

ಇನ್ನೊಂದು ಪ್ರಯೋಗ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಜ್ಯೂರಿಚ್‌ನಲ್ಲಿ ಎರಿಕ್ ಜೀನಿ ಮತ್ತು ತಂಡ ಆರೋಗ್ಯವಂತ ಬೆಕ್ಕುಗಳ ರಕ್ತದಲ್ಲಿ ಹತ್ತು ದಿನ ಸಕ್ಕರೆಯನ್ನು ಏರಿಸಿಟ್ಟು ನೋಡಿತು. ಅಷ್ಟರಲ್ಲೇ ಬೀಟಾ ಕೋಶಗಳು ಕುಸಿದವು. ಕೊಬ್ಬನ್ನು ಏರಿಸಿದಾಗ ಹಾಗಾಗಲಿಲ್ಲ. 2009ರಲ್ಲಿ ಪ್ರಕಟವಾದ ಈ ಕೆಲಸದ ಅರ್ಥ, ಸಕ್ಕರೆಯೇ ಸಕ್ಕರೆ ಕಾಯಿಲೆಯನ್ನು ಸಾಕುತ್ತದೆ. ಏರಿದ ಸಕ್ಕರೆಯನ್ನು ಬೇಗ ಇಳಿಸಿದರೆ ಸುಸ್ತಾಗಿ ಕೂತ ಕೋಶಗಳು ಮತ್ತೆ ಎದ್ದು ಕೆಲಸಕ್ಕೆ ಹೋಗಬಹುದು, ಬೆಕ್ಕಿಗೆ ಸೂಜಿಯೇ ಬೇಡವಾಗಬಹುದು. ಈ ಸ್ಥಿತಿಗೆ ವೈದ್ಯರು ರೆಮಿಷನ್ ಎನ್ನುತ್ತಾರೆ. ಮುಂದಿನ ವಾದಗಳೆಲ್ಲ ಈ ಒಂದು ಆಸೆಯ ಸುತ್ತ ಸುತ್ತುತ್ತವೆ.

ಹಸು, ಹಂದಿ, ಗ್ಲಾರ್ಜಿನ್

ಇನ್ಸುಲಿನ್ ಎಂದರೆ 51 ಅಮೈನೊ ಆಮ್ಲಗಳ ಸರ. ಬೆಕ್ಕಿನ ಸರಕ್ಕೂ ಹಸುವಿನದಕ್ಕೂ ಒಂದೇ ಮಣಿಯ ವ್ಯತ್ಯಾಸ. ಹಂದಿಯದಕ್ಕೆ ಮೂರು, ಮನುಷ್ಯನದಕ್ಕೆ ನಾಲ್ಕು. ಆದ್ದರಿಂದ ಹಳಬರ ಒಲವು ದನದ ಮೇದೋಜೀರಕದಿಂದ ತೆಗೆದ ಇನ್ಸುಲಿನ್ ಕಡೆಗೆ. ಹತ್ತಿರದ ನೆಂಟನನ್ನು ಮೈ ದೂರ ತಳ್ಳದು ಎಂಬ ತರ್ಕ. ಮನುಷ್ಯರ ಮಾರುಕಟ್ಟೆ ಮಾನವ ಇನ್ಸುಲಿನ್ ಕಡೆ ಹೊರಳಿದ ಮೇಲೆ ಪ್ರಾಣಿಜನ್ಯ ಬಾಟಲುಗಳು ಕಡಿಮೆಯಾದವು. ಆಗ ತಿಳಿದದ್ದೇನೆಂದರೆ, ಬೆಕ್ಕಿನ ಮಟ್ಟಿಗೆ ನೆಂಟಸ್ತಿಕೆ ಅಷ್ಟೇನೂ ಮುಖ್ಯವಲ್ಲ. ಔಷಧಿ ಎಷ್ಟು ಹೊತ್ತು ಬಾಳುತ್ತದೆ ಎಂಬುದೇ ಮುಖ್ಯ.

ಬೆಕ್ಕು ಇನ್ಸುಲಿನ್ನನ್ನು ಬೇಗ ಕರಗಿಸಿಬಿಡುತ್ತದೆ. ಹಂದಿಯ ಲೆಂಟೆ ಇನ್ಸುಲಿನ್ ನಾಯಿಗೆ ಚೆನ್ನಾಗಿ ಒಗ್ಗುತ್ತದೆ, ಅನೇಕ ಬೆಕ್ಕುಗಳಲ್ಲಿ ಎಂಟು ಹತ್ತು ಗಂಟೆಗೇ ಮುಗಿಯುತ್ತದೆ. ಮಿಕ್ಕ ಹೊತ್ತು ಸಕ್ಕರೆಗೆ ಹಬ್ಬ. 1930ರ ದಶಕದಲ್ಲಿ ಬಂದ ಪ್ರೋಟಮಿನ್ ಜಿಂಕ್ ಇನ್ಸುಲಿನ್ ಇನ್ನೂ ಸ್ವಲ್ಪ ಎಳೆಯುತ್ತದೆ. ಅದರ ಮಾನವ ರೂಪಕ್ಕೆ 2009ರಲ್ಲಿ ಬೆಕ್ಕುಗಳಿಗಾಗಿಯೇ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಗ್ಲಾರ್ಜಿನ್ ಮನುಷ್ಯರಿಗೆಂದು 2000ದ ಹೊತ್ತಿಗೆ ಬಂದದ್ದು. ಬಾಟಲಿಯಲ್ಲಿ ಹುಳಿಯಾಗಿರುವ ಅದು ಚರ್ಮದ ಕೆಳಗೆ ಹೋದ ಕೂಡಲೇ ಸಣ್ಣ ಸಣ್ಣ ಹರಳಾಗಿ ಕೂತು, ನಿಧಾನಕ್ಕೆ ಕರಗುತ್ತ ಹೋಗುತ್ತದೆ. ಅದಕ್ಕೇ ಅದಕ್ಕೆ ನೀರು ಬೆರೆಸುವಂತಿಲ್ಲ, ಬೇರೆ ಇನ್ಸುಲಿನ್ ಕೂಡಿಸುವಂತಿಲ್ಲ.

ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಜಾಕಿ ರ‍್ಯಾಂಡ್ ಮತ್ತು ರೆಟ್ ಮಾರ್ಷಲ್ ತಂಡ 2009ರಲ್ಲಿ ಪ್ರಕಟಿಸಿದ ಹೋಲಿಕೆ ಈ ಕ್ಷೇತ್ರದಲ್ಲಿ ಮನೆಮಾತು. ಹೊಸದಾಗಿ ಪತ್ತೆಯಾದ 24 ಬೆಕ್ಕುಗಳು, ಮೂರು ಗುಂಪು, ಎಲ್ಲಕ್ಕೂ ಪಿಷ್ಟ ಕಡಿಮೆಯ ಆಹಾರ. ಗ್ಲಾರ್ಜಿನ್ ಪಡೆದ ಎಂಟಕ್ಕೆ ಎಂಟೂ ಇನ್ಸುಲಿನ್ ಬೇಡವಾದ ಸ್ಥಿತಿಗೆ ಬಂದವು. ಪ್ರೋಟಮಿನ್ ಜಿಂಕ್‌ನಲ್ಲಿ ಮೂರು, ಲೆಂಟೆಯಲ್ಲಿ ಎರಡು. ಎಂಟಕ್ಕೆ ಎಂಟು ಕೇಳಲು ಚೆಂದ. ಆದರೆ ಎಂಟು ಎಂದರೆ ಎಂಟೇ. ಮೊಸರಿನ ಕುಡಿಕೆಯಿಂದ ಒಂದು ಚಮಚ ತೆಗೆದು ಇಡೀ ಊರಿನ ಹಾಲಿಗೆ ಭವಿಷ್ಯ ಹೇಳಿದ ಹಾಗೆ. ಜ್ಯೂರಿಚ್ ತಂಡ 2010ರಲ್ಲಿ 90 ಬೆಕ್ಕುಗಳ ದಾಖಲೆ ನೋಡಿದಾಗ ಅರ್ಧಕ್ಕೆ ಮಾತ್ರ ರೆಮಿಷನ್ ಸಿಕ್ಕಿತ್ತು.

ಆದರೂ ಇವತ್ತು ಹೆಚ್ಚಿನ ಒಮ್ಮತ ಇಲ್ಲೇ ಇದೆ. ಅಮೆರಿಕದ ಪ್ರಾಣಿ ಆಸ್ಪತ್ರೆಗಳ ಸಂಘದ 2018ರ ಮಾರ್ಗಸೂಚಿ ಬೆಕ್ಕಿಗೆ ಗ್ಲಾರ್ಜಿನ್ ಅಥವಾ ಪ್ರೋಟಮಿನ್ ಜಿಂಕ್ ಎನ್ನುತ್ತದೆ. 12 ಗಂಟೆಗೊಮ್ಮೆ, ಒಂದು ಬೆಕ್ಕಿಗೆ 1ರಿಂದ 2 ಯೂನಿಟ್. ಬೊಜ್ಜಿನ ತೂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಡೋಸ್ ಏರಿಸುವುದಾದರೂ ಕೆಲವು ದಿನ ಕಾದು, ಅರ್ಧರ್ಧ ಯೂನಿಟ್. ಅಂಕಿ ಇಳಿಯಲಿಲ್ಲವೆಂದು ಮೂರನೇ ದಿನಕ್ಕೇ ಮನಸ್ಸು ಕೆಡಿಸಿಕೊಳ್ಳುವವರೇ ಹೆಚ್ಚು.

ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ನಮ್ಮ ಕಡೆಯವರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ದೇಶದಲ್ಲಿ ಮನುಷ್ಯರ ಇನ್ಸುಲಿನ್ ಬಾಟಲು ಇವತ್ತಿಗೂ ಎರಡು ಗಾಢತೆಯಲ್ಲಿ ಸಿಗುತ್ತದೆ, ಮಿ.ಲೀ.ಗೆ 40 ಯೂನಿಟ್ ಮತ್ತು 100 ಯೂನಿಟ್. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಮುಚ್ಚಳದ್ದು. ಗ್ಲಾರ್ಜಿನ್ 100ರದು. ಭಾವ ಮೊದಲ ದಿನ ಮೆಡಿಕಲ್ ಶಾಪಿನಿಂದ ಬಾಟಲು ತಂದಾಗ ಜೊತೆಗೆ ಕೊಟ್ಟದ್ದು ಕೆಂಪು ಮುಚ್ಚಳದ ಸಿರಿಂಜು. ಅದರಲ್ಲಿ ಒಂದು ಗೀಟಿನಷ್ಟು ಎಳೆದಿದ್ದರೆ ಗುಂಡನ ಮೈಗೆ ಹೋಗುತ್ತಿದ್ದುದು ಎರಡೂವರೆ ಯೂನಿಟ್. ಎಪ್ಪತ್ತು ಕೆ.ಜಿ. ತೂಗುವವರಿಗೆ ಒಂದೂವರೆ ಯೂನಿಟ್ ಹೆಚ್ಚುಕಡಿಮೆ ದೊಡ್ಡ ಮಾತಲ್ಲ, ಬೆಕ್ಕಿಗೆ ಅದು ಜೀವದ ಮಾತು. ಅಕ್ಕ ಬಾಟಲಿನ ಚೀಟಿ ಓದುವ ಅಭ್ಯಾಸದವಳು. ಅವಳೇ ಹಿಂದಿರುಗಿ ಹೋಗಿ, ಅರ್ಧ ಯೂನಿಟ್ ಗೀಟಿರುವ ಸಣ್ಣ ಸಿರಿಂಜು ಬೇಕೆಂದು ಹಟ ಹಿಡಿದು ತರಿಸಿಕೊಂಡಳು.

ನಿಜಕ್ಕೂ ಗ್ಲಾರ್ಜಿನ್ನಿನ ಒಂದು ಯೂನಿಟ್ ಎಂದರೆ ಮಿ.ಲೀ.ನ ನೂರನೇ ಒಂದು ಭಾಗ. ಸೂಜಿಯ ತುದಿಯಲ್ಲಿ ನಿಂತ ಹನಿ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬೆಕ್ಕು ತೂರಾಡಿದರೆ, ನಡುಗಿದರೆ, ಕಣ್ಣು ಮೇಲೆ ಮಾಡಿ ಬಿದ್ದರೆ ಶುಗರ್ ಲೋ ಆಗಿದೆ ಎಂದೇ ತಿಳಿಯಬೇಕು. ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ಒಸಡಿಗೆ ಸವರಿ ಆಸ್ಪತ್ರೆಗೆ ಓಡಬೇಕು. ಪ್ರಜ್ಞೆಯಿಲ್ಲದ ಬಾಯಿಗೆ ಏನನ್ನೂ ಸುರಿಯಬಾರದು.

ಬಿಗಿ ಹಗ್ಗ, ಸಡಿಲ ಹಗ್ಗ

ಸಕ್ಕರೆಯನ್ನು ಎಷ್ಟಕ್ಕೆ ಇಳಿಸಬೇಕು? ಜೋರಾದ ಜಗಳ ಇರುವುದು ಇಲ್ಲೇ.

ಸಡಿಲ ಪಂಥದವರು ಬೆಕ್ಕನ್ನು ನೋಡು, ಅಂಕಿಯನ್ನಲ್ಲ ಎನ್ನುತ್ತಾರೆ. ಬೆಕ್ಕಿನ ಮೂತ್ರಕ್ಕೆ ಸಕ್ಕರೆ ಇಳಿಯುವುದು ರಕ್ತದಲ್ಲಿ ಅದು ಸುಮಾರು 270 ದಾಟಿದ ಮೇಲೆ. ದಿನದ ಹೆಚ್ಚಿನ ಹೊತ್ತು ಅದರ ಕೆಳಗಿದ್ದರೆ ನೀರಡಿಕೆ ನಿಲ್ಲುತ್ತದೆ, ಮೈ ತುಂಬಿಕೊಳ್ಳುತ್ತದೆ. ಅತಿ ಕಡಿಮೆ ಅಂಕಿ 80ರಿಂದ 150ರ ನಡುವೆ, ಅತಿ ಹೆಚ್ಚಿನದು 300ರ ಒಳಗೆ ಇದ್ದರೆ ಸಾಕು. ಮನುಷ್ಯರಲ್ಲಿ ಹತ್ತಿಪ್ಪತ್ತು ವರ್ಷಗಳಲ್ಲಿ ಕಣ್ಣು, ಮೂತ್ರಪಿಂಡ ಕೆಡುತ್ತವೆಂದು ಬಿಗಿ ಮಾಡುತ್ತೇವೆ. ಹನ್ನೆರಡು ವರ್ಷದ ಬೆಕ್ಕಿಗೆ ಆ ಲೆಕ್ಕ ಯಾಕೆ ಎಂಬುದು ಇವರ ಪ್ರಶ್ನೆ.

ಬಿಗಿ ಪಂಥದವರ ಉತ್ತರ ಜ್ಯೂರಿಚ್‌ನ ಆ ಹತ್ತು ದಿನಗಳ ಪ್ರಯೋಗದಲ್ಲಿದೆ. ಇವರ ಗುರಿ ಮುಂದಿನ ಕಣ್ಣುನೋವಲ್ಲ, ಈಗಿನ ಬೀಟಾ ಕೋಶ. ಜರ್ಮನಿಯ ಕಿರ್ಸ್ಟನ್ ರೋಂಪ್ ಮತ್ತು ಜಾಕಿ ರ‍್ಯಾಂಡ್ 2009ರಲ್ಲಿ 55 ಬೆಕ್ಕುಗಳ ಫಲಿತಾಂಶ ಕೊಟ್ಟರು. ಮನೆಯವರೇ ದಿನಕ್ಕೆ ಹಲವು ಸಲ ಕಿವಿ ಚುಚ್ಚಿ, 50ರಿಂದ 100ರ ನಡುವೆ ಹಿಡಿಯಲು ಗ್ಲಾರ್ಜಿನ್ ಹೊಂದಿಸಿದ್ದರು. 64 ಶೇಕಡಾ ಬೆಕ್ಕುಗಳಿಗೆ ಇನ್ಸುಲಿನ್ ತಪ್ಪಿತು. ಕಾಯಿಲೆ ಪತ್ತೆಯಾಗಿ ಆರು ತಿಂಗಳೊಳಗೆ ಈ ಕ್ರಮ ಹಿಡಿದವುಗಳಲ್ಲಿ 84, ತಡವಾದವುಗಳಲ್ಲಿ 35. ಹೊಸದಾಗಿ ಕಾಯಿಲೆ ಗೊತ್ತಾದವರ ಮನೆಯಲ್ಲಿ ನೆನಪಿಡಬೇಕಾದ ಅಂಕಿ ಇದು. ಹಗ್ಗ ಎಷ್ಟು ಬಿಗಿ ಎಂಬುದಕ್ಕಿಂತ ಎಷ್ಟು ಬೇಗ ಹಿಡಿದೆವು ಎಂಬುದೇ ಹೆಚ್ಚು ಮಾತಾಡುತ್ತಿರಬಹುದು.

ನನ್ನ ಅನುಮಾನ ಬೇರೆಡೆ ಇದೆ. ದಿನಕ್ಕೆ ನಾಲ್ಕೈದು ಸಲ ಕಿವಿ ಚುಚ್ಚುವ ವ್ಯವಧಾನ ಇರುವ ಮನೆ ಮಾಮೂಲಿ ಮನೆಯಲ್ಲ. ಅಂಥವರು ಊಟದಲ್ಲೂ ತೂಕದಲ್ಲೂ ಅಷ್ಟೇ ಕಟ್ಟುನಿಟ್ಟು. ಫಲ ಕೊಟ್ಟದ್ದು ಬಿಗಿ ಹಗ್ಗವೋ, ಅದನ್ನು ಹಿಡಿದ ಕೈಯೋ? ಅತ್ತ, ಪಶುವೈದ್ಯರನ್ನು ಕೇಳಿದ ಒಂದು ಅಂತರರಾಷ್ಟ್ರೀಯ ಸಮೀಕ್ಷೆ 2017ರಲ್ಲಿ ಹೇಳಿದ್ದು ಇನ್ನೊಂದು ತುದಿ. ಅವರ ಅಂದಾಜಿನಂತೆ ಮಧುಮೇಹಿ ಸಾಕುಪ್ರಾಣಿಗಳಲ್ಲಿ ಹತ್ತಕ್ಕೊಂದನ್ನು ಕಾಯಿಲೆ ಗೊತ್ತಾದ ಹೊತ್ತಿಗೇ, ಇನ್ನೊಂದನ್ನು ವರ್ಷದೊಳಗೆ ದಯಾಮರಣಕ್ಕೆ ಒಪ್ಪಿಸಲಾಗುತ್ತದೆ. ಖರ್ಚು ಮತ್ತು ದಿನಚರಿಗೆ ಬೀಳುವ ಹೊರೆಯೂ ಇದಕ್ಕೆ ಕಾರಣಗಳಲ್ಲಿ ಸೇರಿವೆ. ಹಗ್ಗ ಬಿಗಿಯಾದಷ್ಟೂ ಕೈಬಿಡುವವರು ಹೆಚ್ಚಿದರೆ ರೆಮಿಷನ್ನಿನ ಶೇಕಡಾವಾರು ಯಾರಿಗೆ ಬೇಕು?

ಬಟ್ಟಲಲ್ಲಿ ಏನಿದೆ

ಇಲ್ಲಿ ಜಗಳ ಸ್ವಲ್ಪ ತಣ್ಣಗಿದೆ. ಬೆಕ್ಕು ಹುಟ್ಟಾ ಮಾಂಸಾಹಾರಿ. ಬೀದಿಯಲ್ಲಿ ತಾನೇ ಬೇಟೆಯಾಡಿ ಬದುಕುವ ಬೆಕ್ಕಿಗೆ ಸಿಗುವ ಶಕ್ತಿಯಲ್ಲಿ ಪಿಷ್ಟದ ಪಾಲು ಶೇಕಡಾ 2ರಷ್ಟು. ಪ್ಯಾಕೆಟ್ಟಿನ ಒಣ ಕಾಳಿಗೆ ಆಕಾರ ನಿಲ್ಲಬೇಕಾದರೆ ಪಿಷ್ಟ ಬೇಕು, ಮೂವತ್ತು ಶೇಕಡಾ ದಾಟುವುದು ಸಾಮಾನ್ಯ. ಮೊದಲು ನಾರು ಹೆಚ್ಚಿದ್ದರೆ ಒಳ್ಳೆಯದೆಂದಿದ್ದರು, ಅದೂ ನಾಯಿಯಿಂದ ಎರವಲು ಪಡೆದ ಬುದ್ಧಿ. 2006ರಲ್ಲಿ 63 ಬೆಕ್ಕುಗಳ ಹೋಲಿಕೆಯಲ್ಲಿ ಪಿಷ್ಟ ಕಡಿಮೆ ಮಾಡಿದ ಗುಂಪಿನ 68 ಶೇಕಡಾ ಬೆಕ್ಕುಗಳು ಇನ್ಸುಲಿನ್ ಬಿಟ್ಟವು, ನಾರು ಹೆಚ್ಚಿದ್ದ ಗುಂಪಿನಲ್ಲಿ 41. ಅಂದಿನಿಂದ ತೇವವಿರುವ, ಪ್ರೋಟೀನ್ ಹೆಚ್ಚಿರುವ ಡಬ್ಬಿ ಆಹಾರಕ್ಕೆ ಬೆಲೆ ಬಂತು. ತೂಕ ಇಳಿಸುವುದರಿಂದ ಆಗುವ ಲಾಭ ಎಷ್ಟು, ಪಿಷ್ಟ ಬಿಡುವುದರಿಂದ ಎಷ್ಟು ಎಂದು ಬೇರ್ಪಡಿಸಿ ತೋರಿಸುವುದು ಮಾತ್ರ ಕಷ್ಟವಾಗಿಯೇ ಉಳಿದಿದೆ.

ನಮ್ಮಕ್ಕನ ಮನೆಯಲ್ಲಿ ಡಬ್ಬಿಯ ಮಾತು ನಡೆಯಲಿಲ್ಲ. ಹನ್ನೊಂದು ವರ್ಷ ಗುಂಡ ಬೆಳೆದದ್ದು ಹಾಲು-ಅನ್ನ, ಸಂಜೆ ಒಂದು ಹಿಡಿ ಒಣ ಕಾಳು, ಭಾನುವಾರ ಪಕ್ಕದ ಮನೆಯ ಮೀನಿನ ತಲೆಯ ಮೇಲೆ. ಅನ್ನವನ್ನು ಬೇಯಿಸಿದ ಕೋಳಿಗೆ ಬದಲಿಸುವಾಗ ವೈದ್ಯರು ಒಂದು ಎಚ್ಚರಿಕೆ ಕೊಟ್ಟರು. ಪಿಷ್ಟ ಇಳಿದರೆ ಇನ್ಸುಲಿನ್ ಬೇಡಿಕೆಯೂ ದಿಢೀರನೆ ಇಳಿಯಬಹುದು, ಎರಡನ್ನೂ ಒಟ್ಟೊಟ್ಟಿಗೆ ನೋಡಿಕೊಳ್ಳಬೇಕು. ಬರೀ ಕೋಳಿಯಿಂದ ಎಲ್ಲ ಪೋಷಕಾಂಶ ಸಿಗದು ಎಂದು ಪೂರಕದ ಪುಡಿಯನ್ನೂ ಬರೆದುಕೊಟ್ಟರು. ಬ್ರಾಹ್ಮಣರ ಬೀದಿಯಲ್ಲಿ ಕುಕ್ಕರ್ ಕೂಗಿನ ವಾಸನೆ ಬದಲಾದದ್ದು ಬೇರೆಯೇ ಕಥೆ.

ಅಳೆದರೆ ಏರುವ ಸಕ್ಕರೆ

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಕೇಳಿದ ಪ್ರಶ್ನೆಯನ್ನು ಮಧುಮೇಹದ ವೈದ್ಯರು ಬೇರೆ ಥರ ಕೇಳಬೇಕಾಯಿತು. ಬೆಕ್ಕನ್ನು ಬುಟ್ಟಿಯಲ್ಲಿ ತುಂಬಿ, ಆಟೋದಲ್ಲಿ ಕೂರಿಸಿ, ನಾಯಿಗಳು ಬೊಗಳುವ ಕೊಠಡಿಗೆ ತಂದು, ಹಿಡಿದು ರಕ್ತ ತೆಗೆದರೆ ಸಿಗುವುದು ಕಾಯಿಲೆಯ ಅಂಕಿಯಲ್ಲ, ಕೋಪದ ಅಂಕಿ. ರ‍್ಯಾಂಡ್ ತಂಡ 2002ರಲ್ಲಿ ಆರೋಗ್ಯವಂತ ಬೆಕ್ಕುಗಳಿಗೆ ಐದು ನಿಮಿಷ ನೀರು ಸಿಂಪಡಿಸಿ ಸ್ನಾನ ಮಾಡಿಸಿತು. ಒದ್ದಾಡಿದಷ್ಟೂ ಸಕ್ಕರೆ ಏರಿತು. ಹೀಗಾಗಿ ಒಂದೇ ಒಂದು ಅಂಕಿ ನೋಡಿ ಬೆಕ್ಕಿಗೆ ಮಧುಮೇಹ ಎನ್ನುವುದಕ್ಕೆ ಅನುಭವಿ ವೈದ್ಯರು ಹಿಂದೆಗೆಯುತ್ತಾರೆ. ಕಳೆದ ಒಂದೆರಡು ವಾರಗಳ ಸರಾಸರಿ ಹೇಳುವ ಫ್ರುಕ್ಟೊಸಮಿನ್ ಪರೀಕ್ಷೆ, ಮೂತ್ರದ ಪಟ್ಟಿ, ಎಲ್ಲಕ್ಕಿಂತ ಮಿಗಿಲಾಗಿ ಮನೆಯವರ ಮಾತು ಇದಕ್ಕೇ ಬೇಕು.

2000ದ ಸುಮಾರಿಗೆ ಜ್ಯೂರಿಚ್‌ನ ಕ್ಲೌಡಿಯಾ ರಾಯ್ಶ್ ತಂಡ ಕಿವಿಯ ಅಂಚಿನಿಂದ ಹನಿ ರಕ್ತ ತೆಗೆದು ಮನೆಯಲ್ಲೇ ನೋಡುವುದನ್ನು ಜನರಿಗೆ ಕಲಿಸಿತು. ಬಿಸಿನೀರಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಕಿವಿ ಬೆಚ್ಚಗೆ ಮಾಡಬೇಕು, ಅಂಚಿನ ರಕ್ತನಾಳ ಉಬ್ಬಿ ಕಾಣುತ್ತದೆ, ಒಂದು ಚುಚ್ಚು, ಸ್ಟ್ರಿಪ್ ಹನಿಯನ್ನು ತಾನೇ ಹೀರುತ್ತದೆ, ಒತ್ತಿ ಹಿಡಿದು ಒಂದು ತುಂಡು ಕೋಳಿ. ಗುಂಡ ಹದಿನೈದು ದಿನದಲ್ಲಿ ಸ್ಟ್ರಿಪ್ ಡಬ್ಬಿಯ ಸದ್ದಿಗೇ ಓಡಿಬಂದು ಕೂರತೊಡಗಿದ, ಕೋಳಿಯ ಆಸೆಗೆ.

ಮನೆಗೆ ಅಳತೆ ಬಂದ ಕೂಡಲೇ ಹೊಸ ತೊಡಕುಗಳೂ ಬಂದವು. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ. ನಮ್ಮ ಕೆಂಪು ರಕ್ತಕಣದೊಳಗೂ ಸಕ್ಕರೆ ಗಣನೀಯವಾಗಿರುತ್ತದೆ, ಬೆಕ್ಕಿನದರಲ್ಲಿ ಬಹುಪಾಲು ಹೊರಗಿನ ದ್ರವದಲ್ಲೇ. ಯಂತ್ರ ನಮ್ಮ ಲೆಕ್ಕವನ್ನೇ ಇಟ್ಟುಕೊಂಡಿದೆ. ಪ್ರಾಣಿಗಳಿಗೆ ಹೊಂದಿಸಿದ ಮೀಟರ್ ಅದೇ ಹನಿಗೆ ಬೇರೆ ಅಂಕಿ ಕೊಡುತ್ತದೆ. ಯಾವುದಾದರೂ ಒಂದನ್ನೇ ನಂಬಿ ನಡೆಯಬೇಕು, ವೈದ್ಯರಿಗೂ ಯಾವುದೆಂದು ಹೇಳಬೇಕು. ಅದೇ ಜ್ಯೂರಿಚ್ ತಂಡ 2007ರಲ್ಲಿ ತೋರಿಸಿದ್ದು ಇನ್ನೂ ಇರುಸುಮುರುಸಿನದು. ಅದೇ ಮನೆ, ಅದೇ ಡೋಸ್, ಅದೇ ಊಟ, ಆದರೂ ಇವತ್ತಿನ ಗೆರೆ ನಾಳೆಯದರಂತೆ ಇರುವುದಿಲ್ಲ. ಒಂದು ದಿನದ ಗೆರೆ ನೋಡಿ ಡೋಸ್ ಬದಲಿಸುವುದು ಒಂದು ದಿನದ ಮಳೆ ನೋಡಿ ಬಿತ್ತಿದ ಹಾಗೆ.

ಇಲ್ಲಿಯೇ ಒಂದು ಹಳೆಯ ನಂಬಿಕೆ ಅಲುಗಿತು. 1930ರ ದಶಕದಲ್ಲಿ ಸೇಂಟ್ ಲೂಯಿಸ್‌ನ ಮೈಕೆಲ್ ಸೊಮೊಗಿ, ಇನ್ಸುಲಿನ್ ಹೆಚ್ಚಾಗಿ ಸಕ್ಕರೆ ತೀರ ಇಳಿದರೆ ಮೈ ಗಾಬರಿಯಿಂದ ಅದನ್ನು ಮತ್ತೆ ಮೇಲಕ್ಕೆಸೆಯುತ್ತದೆ ಎಂದಿದ್ದ. ಬೆಕ್ಕಿನ ಅಂಕಿ ಏರಿದ್ದರೆ ಇದೇ ಇರಬೇಕೆಂದು ವೈದ್ಯರು ಡೋಸ್ ಇಳಿಸುತ್ತಿದ್ದರು. ರೋಂಪ್ ಮತ್ತು ರ‍್ಯಾಂಡ್ 2016ರಲ್ಲಿ ಮನೆಗಳಲ್ಲಿ ದಾಖಲಾದ ಹತ್ತು ಸಾವಿರಕ್ಕೂ ಹೆಚ್ಚು ಗೆರೆಗಳನ್ನು ಜಾಲಾಡಿದರು. ಇಳಿದದ್ದು ಬೇಕಾದಷ್ಟು ಸಲ. ಇಳಿದು ಪುಟಿದದ್ದು ಬಲು ಅಪರೂಪ. ಆದರೆ ಅವೆಲ್ಲ ದೀರ್ಘ ಬಾಳಿಕೆಯ ಇನ್ಸುಲಿನ್ ಮೇಲಿದ್ದ, ಬಿಗಿ ಕ್ರಮದ ಬೆಕ್ಕುಗಳು. ಲೆಂಟೆಯ ಬೆಕ್ಕಿಗೂ ಇದೇ ಮಾತೇ ಎಂದರೆ ಕೈಯೆತ್ತಿ ಹೌದೆನ್ನಲಾಗದು.

ಈಗ ಚರ್ಮಕ್ಕೆ ಅಂಟಿಸುವ ಸೆನ್ಸರ್ ಬಂದಿದೆ. ಮನುಷ್ಯರಿಗೆಂದು ಮಾಡಿದ ಫ್ರೀಸ್ಟೈಲ್ ಲಿಬ್ರೆಯನ್ನು ಬೆಕ್ಕಿನ ಬೆನ್ನಿನ ಕೂದಲು ಬೋಳಿಸಿ ಅಂಟಿಸುತ್ತಾರೆ. ಲೆಕ್ಕಕ್ಕೆ 14 ದಿನ, ಬೆಕ್ಕು ಅಷ್ಟು ದಿನ ಬಿಟ್ಟರೆ. ಅದು ಅಳೆಯುವುದು ರಕ್ತವನ್ನಲ್ಲ, ಕೋಶಗಳ ನಡುವಿನ ದ್ರವವನ್ನು. ಸಕ್ಕರೆ ದಿಢೀರನೆ ಏರಿಳಿದಾಗ ಅಂಕಿ ಸ್ವಲ್ಪ ಹಿಂದೆ ಬೀಳುತ್ತದೆ, ತೀರ ಕೆಳಗಿನ ಅಂಕಿಗಳಲ್ಲಿ ನೆಚ್ಚಿಕೆ ಕಡಿಮೆ. ಆದರೆ ರಾತ್ರಿ ಮೂರು ಗಂಟೆಗೆ ಏನಾಗುತ್ತಿತ್ತು ಎಂಬುದು ಮೊದಲ ಸಲ ಕಾಣುತ್ತಿದೆ.

ಸೂಜಿಯಿಲ್ಲದ ದಾರಿ

ಬಾಯಿಯಿಂದ ಕೊಡುವ ಔಷಧಿಯ ಆಸೆ ಹಳೆಯದು. 1990ರ ದಶಕದಲ್ಲಿ ಗ್ಲಿಪಿಜೈಡ್ ಮಾತ್ರೆ ಕೊಟ್ಟು ನೋಡಿದರು. ಸುಸ್ತಾದ ಕೋಶಗಳನ್ನೇ ಹಿಂಡುವ ಆ ದಾರಿಯಲ್ಲಿ ಕೆಲವು ಬೆಕ್ಕುಗಳಿಗಷ್ಟೇ ಉಪಯೋಗವಾಯಿತು.

ಗ್ಲಿಫ್ಲೋಜಿನ್‌ಗಳ ಕಥೆ ಬೇರೆ. ಹತ್ತೊಂಬತ್ತನೇ ಶತಮಾನದಲ್ಲಿ ಸೇಬಿನ ಮರದ ತೊಗಟೆಯಲ್ಲಿ ಸಿಕ್ಕ ಫ್ಲೋರಿಜಿನ್ ಇವುಗಳ ಅಜ್ಜ. ಮೂತ್ರಪಿಂಡ ವಾಪಸು ಹೀರಿಕೊಳ್ಳಬೇಕಾದ ಸಕ್ಕರೆಯನ್ನು ಇವು ಮೂತ್ರಕ್ಕೇ ಬಿಟ್ಟುಬಿಡುತ್ತವೆ. 2022ರ ಡಿಸೆಂಬರಿನಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ, 2023ರ ಆಗಸ್ಟಿನಲ್ಲಿ ವೆಲಾಗ್ಲಿಫ್ಲೋಜಿನ್ ದ್ರವಕ್ಕೆ ಅಮೆರಿಕ ಬೆಕ್ಕುಗಳಿಗಾಗಿ ಅನುಮತಿ ಕೊಟ್ಟಿತು. ದಿನಕ್ಕೊಂದು ಸಲ, ಸೂಜಿಯಿಲ್ಲ, ಶುಗರ್ ಲೋ ಆಗುವ ಭಯವೂ ಕಡಿಮೆ. 127 ಬೆಕ್ಕುಗಳ ಹೋಲಿಕೆಯಲ್ಲಿ ವೆಲಾಗ್ಲಿಫ್ಲೋಜಿನ್ ಲೆಂಟೆ ಇನ್ಸುಲಿನ್ನಿಗಿಂತ ಹಿಂದೆ ಬೀಳಲಿಲ್ಲ.

ಅಪಾಯ ಇರುವುದು ಕಾಣದ ಕಡೆ. ಇನ್ಸುಲಿನ್ ನಿಜವಾಗಿಯೂ ಬತ್ತಿದ ಬೆಕ್ಕಿಗೆ ಇದನ್ನು ಕೊಟ್ಟರೆ ಮೈ ಕೊಬ್ಬನ್ನು ಸುಟ್ಟು ಕೀಟೋನ್ ತುಂಬಿಕೊಂಡು ರಕ್ತ ಹುಳಿಯಾಗುತ್ತದೆ. ಮೀಟರಿನಲ್ಲಿ ಸಕ್ಕರೆ 150 ಎಂದು ಚೆನ್ನಾಗಿಯೇ ಕಾಣುತ್ತಿರುತ್ತದೆ, ಬೆಕ್ಕು ಊಟ ಬಿಟ್ಟು ಮೂಲೆ ಸೇರಿರುತ್ತದೆ. ಇಷ್ಟು ದಿನ ನಂಬಿದ ಅಂಕಿಯೇ ಇಲ್ಲಿ ಕೈಕೊಡುತ್ತದೆ; ಅಳೆಯಬೇಕಾದದ್ದು ಕೀಟೋನ್, ಅದರಲ್ಲೂ ಮೊದಲ ಎರಡು ವಾರ. ಚೆನ್ನಾಗಿ ತಿನ್ನುತ್ತಿರುವ, ಕೀಟೋನ್ ಇಲ್ಲದ, ಯಕೃತ್ತು ಮೂತ್ರಪಿಂಡ ಗಟ್ಟಿಯಿರುವ ಬೆಕ್ಕಿಗಷ್ಟೇ ಇದು. ಬೆಕ್ಸಾಗ್ಲಿಫ್ಲೋಜಿನ್ನಂತೂ ಹಿಂದೆ ಇನ್ಸುಲಿನ್ ಪಡೆದ ಬೆಕ್ಕಿಗೆ ಕೊಡಲೇಬಾರದು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಮನುಷ್ಯರ ಡಾಪಾಗ್ಲಿಫ್ಲೋಜಿನ್ ಸುಲಭವಾಗಿ ಸಿಗುವುದರಿಂದ ಹೇಳುತ್ತಿದ್ದೇನೆ, ಅಜ್ಜನ ಮಾತ್ರೆಯನ್ನು ಒಡೆದು ಬೆಕ್ಕಿಗೆ ಹಾಕುವ ಹುಕಿ ಬೇಡ.

ತಲೆಯೊಳಗಿನ ಗಡ್ಡೆ

ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನ ಸ್ಟೇನ್ ನೀಸೆನ್ ತಂಡ 2015ರಲ್ಲಿ 1,221 ಮಧುಮೇಹಿ ಬೆಕ್ಕುಗಳ ರಕ್ತ ನೋಡಿತು. ಸುಮಾರು ಕಾಲು ಭಾಗದಲ್ಲಿ, ಇನ್ಸುಲಿನ್ನಿಗೆ ಅಡ್ಡಬರುವ ಬೆಳವಣಿಗೆಯ ಹಾರ್ಮೋನು ಹೆಚ್ಚಿರುವ ಸೂಚನೆ ಸಿಕ್ಕಿತು. ಅವುಗಳಲ್ಲಿ ಮುಂದೆ ತಪಾಸಣೆಯಾದವುಗಳ ಪೈಕಿ ಬಹುಪಾಲಿಗೆ ಪಿಟ್ಯುಟರಿ ಗ್ರಂಥಿಯ ತೊಂದರೆ ಇತ್ತು. ಡೋಸ್ ಎಷ್ಟು ಏರಿಸಿದರೂ ಸಕ್ಕರೆ ಇಳಿಯದ ಬೆಕ್ಕುಗಳ ಮನೆಯವರನ್ನು, ಸರಿಯಾಗಿ ಚುಚ್ಚುತ್ತಿಲ್ಲ ಎಂದು ಗದರಿಸುತ್ತಿದ್ದ ವೈದ್ಯರಿಗೆ ಇದು ಪಾಠ. ಆ ರಕ್ತಪರೀಕ್ಷೆಯೂ ಕಾಯಿಲೆ ಹೊಸದಾಗಿದ್ದಾಗ ಮೋಸ ಮಾಡಬಹುದು, ಇನ್ಸುಲಿನ್ ಆರೆಂಟು ವಾರ ಕೊಟ್ಟ ಮೇಲೆ ಮತ್ತೆ ನೋಡಬೇಕಾಗುತ್ತದೆ. ಅಲ್ಲಿ ಆ ಗ್ರಂಥಿಯನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ, ಅನೇಕ ಬೆಕ್ಕುಗಳ ಮಧುಮೇಹವೂ ಅದರೊಂದಿಗೇ ಹೋಗುತ್ತದೆ.

ಇನ್ನೂ ಬಗೆಹರಿಯದ್ದು

ರೆಮಿಷನ್ ಎಂದರೆ ಏನು? ಔಷಧಿಯಿಲ್ಲದೆ ಕನಿಷ್ಠ ನಾಲ್ಕು ವಾರ, ಲಕ್ಷಣಗಳಿಲ್ಲದೆ, ಸಕ್ಕರೆ ಸರಿಯಿದ್ದರೆ ಎಂಬ ವ್ಯಾಖ್ಯೆ ಬಳಕೆಯಲ್ಲಿದೆ. ಆದರೆ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಹಾಗೆ ಗುಣವಾದ 21 ಬೆಕ್ಕುಗಳಿಗೆ ಸಕ್ಕರೆ ಕೊಟ್ಟು ನೋಡಿದಾಗ ಹೆಚ್ಚಿನವು ಅದನ್ನು ಅರಗಿಸಲು ತಡಮಾಡಿದವು, ಹತ್ತಕ್ಕೆ ಮೂರರಷ್ಟಕ್ಕೆ ಕಾಯಿಲೆ ಮರಳಿತು. 2014ರಲ್ಲಿ 22 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದವರು, ಯಾವ ಇನ್ಸುಲಿನ್, ಯಾವ ಊಟ, ಯಾವ ಬಿಗಿ ಇದನ್ನು ತರುತ್ತದೆಂದು ಖಚಿತವಾಗಿ ಹೇಳುವಷ್ಟು ಗಟ್ಟಿ ಪುರಾವೆ ಇಲ್ಲವೆಂದರು. ಗ್ಲಿಫ್ಲೋಜಿನ್ ಬಂದ ಮೇಲೆ ತೊಡಕು ಇನ್ನೂ ಬೆಳೆಯಿತು. ಔಷಧಿಯೇ ಸಕ್ಕರೆಯನ್ನು ಹೊರಗೆ ಸುರಿಯುತ್ತಿರುವಾಗ ಕೋಶಗಳು ಎಚ್ಚೆತ್ತವೋ ಇಲ್ಲವೋ ಎಂದು ತಿಳಿಯಲು ಅದನ್ನು ನಿಲ್ಲಿಸಿಯೇ ನೋಡಬೇಕು, ಯಾವಾಗ ನಿಲ್ಲಿಸುವುದು? ಹೊಸ ಬೆಕ್ಕಿಗೆ ಮೊದಲು ಸೂಜಿಯೋ ದ್ರವವೋ? ವಾರಕ್ಕೊಂದೇ ಸಲ ಕೊಡುವ ಇನ್ಸುಲಿನ್ನನ್ನು ಬೆರಳೆಣಿಕೆಯ ಬೆಕ್ಕುಗಳಲ್ಲಿ ಪರೀಕ್ಷಿಸಿದ್ದಾರೆ. ಅದು ಬಂದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಇನ್ನು ನಾನು ಇಲ್ಲಿ ಹೇಳಿದ ಪ್ರಯೋಗಗಳಲ್ಲಿ ಹೆಚ್ಚಿನವು ಕ್ವೀನ್ಸ್‌ಲ್ಯಾಂಡ್, ಜ್ಯೂರಿಚ್, ಲಂಡನ್, ಜರ್ಮನಿ ಕಡೆಯವು. ಒಂದೂ ಹಾಲು-ಅನ್ನ ತಿಂದು ಬೆಳೆದ ಬೆಕ್ಕುಗಳದ್ದಲ್ಲ.

ಗುಂಡ ಈಗ ಐದೂಕಾಲು ಕೆ.ಜಿ. ಹಿಮ್ಮಡಿ ನೆಲ ಬಿಟ್ಟಿದೆ, ಗೋಡೆಗೆ ಮಾತ್ರ ಇನ್ನೂ ಎರಡು ನೆಗೆತ ಬೇಕು. ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲಿ ಅಕ್ಕನ ಪೆನ್ಸಿಲ್ ಅಂಕಿಗಳು: 112, 96, 140, 88. ಎರಡು ಯೂನಿಟ್ಟಿನಿಂದ ಅರ್ಧಕ್ಕೆ ಇಳಿದಿದ್ದಾನೆ. ನಿಲ್ಲಿಸಿ ನೋಡಿ ಎನ್ನುತ್ತಾರೆ ಮೈಸೂರಿನ ವೈದ್ಯರು. ಇನ್ನೆರಡು ವಾರ ಇದೇ ಇರಲಿ, ಅವಸರ ಬೇಡ ಎನ್ನುತ್ತಾರೆ ಅಕ್ಕ ಫೋನು ಮಾಡಿ ವಿಚಾರಿಸಿದ ಬೆಂಗಳೂರಿನವರು. ಅಕ್ಕ ಇನ್ನೂ ತೀರ್ಮಾನ ಮಾಡಿಲ್ಲ.